ಮನೆಯಲ್ಲಿ ಒಬ್ಬರ ಮನಸ್ಸು ಸೋತಾಗ: ಗುರುತು ಹಿಡಿಯುವುದರಿಂದ ಗುಣವಾಗುವವರೆಗೆ

ನಮ್ಮ ಅವ್ವನ ಕೈಯ ರೊಟ್ಟಿ ದಪ್ಪವಾಗತೊಡಗಿದಾಗಲೇ ನಮಗೆ ತಿಳಿಯಬೇಕಿತ್ತು. ನಲವತ್ತು ವರ್ಷ ಹಾಳೆಯಂತೆ ತೆಳ್ಳಗೆ ಬಡಿದ ಕೈ ಅದು. ಆ ವರ್ಷ ಕಾರ ಹುಣ್ಣಿಮೆ ಕಳೆದ ಮೇಲೆ ಹಿಟ್ಟು ನಾದಿಕೊಂಡು ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಹಂಚು ಕಾದು ಹೊಗೆಯಾಡಿದರೂ ಅವಳಿಗೆ ಗಮನವಿರುತ್ತಿರಲಿಲ್ಲ. ‘ಏನಾಯಿತು ಅವ್ವ?’ ಎಂದರೆ ‘ತಲೆ ಭಾರ’ ಎನ್ನುತ್ತಿದ್ದಳು. ಆ ತಲೆ ಭಾರದ ಬೆನ್ನು ಹತ್ತಿ ರೋಣದಿಂದ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ ಒಂದೂವರೆ ವರ್ಷ ಅಲೆದೆವು. ಕನ್ನಡಕ ಬದಲಾಯಿತು, ತಲೆಯ ಸ್ಕ್ಯಾನ್ ಆಯಿತು, ಗ್ಯಾಸಿನ ಗುಳಿಗೆ, ಶಕ್ತಿಯ ಟಾನಿಕ್ ಎಲ್ಲವೂ ಆದವು. ಕೊನೆಗೆ ಧಾರವಾಡದಲ್ಲಿ ಒಬ್ಬ ವೈದ್ಯೆ ರಿಪೋರ್ಟುಗಳ ಕಟ್ಟನ್ನು ಪಕ್ಕಕ್ಕಿಟ್ಟು, ‘ಅಮ್ಮ, ಬೆಳಗಿನ ಜಾವ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ?’ ಎಂದು ಕೇಳಿದರು. ಅವ್ವ ‘ಮೂರು ಗಂಟೆಗೆ’ ಎಂದವಳೇ ಅಳತೊಡಗಿದಳು. ಅವಳಿಗೆ ಇದ್ದದ್ದು ಖಿನ್ನತೆ.

ನಾನು ವೈದ್ಯನಲ್ಲ. ರೋಗಿಯ ಮಗನಾಗಿ ಕಲಿತದ್ದನ್ನು, ಆಮೇಲೆ ಊರಿನ ಹಲವು ಮನೆಗಳವರ ಜೊತೆ ದವಾಖಾನೆಗೆ ಹೋಗಿ ಬಂದು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಮನಸ್ಸಿನ ಕಾಯಿಲೆಗೆ ಔಷಧವೂ ಇದೆ, ವೈದ್ಯರೂ ಇದ್ದಾರೆ. ಮನೆಯ ಪಡಸಾಲೆಯಿಂದ ಆ ವೈದ್ಯರ ಕೋಣೆಯವರೆಗಿನ ದಾರಿಯಲ್ಲೇ ತಿಂಗಳುಗಳು, ವರ್ಷಗಳು ಕಳೆದುಹೋಗುತ್ತವೆ. ಆ ದಾರಿಯನ್ನು ಚಿಕ್ಕದು ಮಾಡುವುದು ಮನೆಯವರ ಕೈಯಲ್ಲಿದೆ.

ಮುಂದೆ ಓದುವ ಮೊದಲು ಒಂದು ಮಾತು. ನಿಮ್ಮ ಮನೆಯಲ್ಲಿ ಈಗಲೇ ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಜೀವಕ್ಕೆ ಅಪಾಯವಾಗಿದ್ದರೆ 108 ಅಥವಾ 112.

ಮೊದಲ ಹೆಜ್ಜೆ: ದೇಹ ಹೇಳುತ್ತಿರುವುದನ್ನು ಕೇಳಿಸಿಕೊಳ್ಳಿ

ನಮ್ಮ ಕಡೆ ‘ನನಗೆ ಖಿನ್ನತೆ ಆಗಿದೆ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಲೆ ಭಾರ, ಎದೆ ಢವಢವ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ಸತ್ವವಿಲ್ಲ, ಯಾಕೋ ಜೀವಕ್ಕೆ ಸಮಾಧಾನವಿಲ್ಲ ಎನ್ನುತ್ತಾರೆ. ಇವು ನೆಪಗಳಲ್ಲ, ನಿಜವಾದ ನೋವುಗಳು. ದೇಹದ ಕಾಯಿಲೆಯೂ ಇರಬಹುದು. ಆದ್ದರಿಂದ ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ-12 ಒಮ್ಮೆ ನೋಡಿಸುವುದು ಸರಿ. ಥೈರಾಯ್ಡ್ ಕಡಿಮೆಯಾದರೆ ಮನಸ್ಸೂ ಮಂಕಾಗುತ್ತದೆ. ಎಲ್ಲ ಸರಿಯಿದೆ ಎಂದು ಒಮ್ಮೆ ಬಂದ ಮೇಲೆ ಮತ್ತೆ ಅದೇ ಪರೀಕ್ಷೆಯನ್ನು ಬೇರೆ ಊರಿನಲ್ಲಿ ಮಾಡಿಸಬೇಡಿ. ನಾವು ಮಾಡಿಸಿದ್ದೆವು, ಮೂರು ಸಲ.

ಎರಡು ವಾರ ಎಂಬುದನ್ನು ನೆನಪಿಡಿ. ಬೇಸರ, ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ದಿನದ ಬಹುಪಾಲು ಮಂಕಾಗಿರುವುದು, ಮೊದಲು ಇಷ್ಟಪಡುತ್ತಿದ್ದುದರಲ್ಲಿ ಆಸೆ ಇಲ್ಲದಿರುವುದು, ನಿದ್ದೆ ಊಟ ಕೆಟ್ಟಿರುವುದು ಎರಡು ವಾರ ದಾಟಿದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ಗಂಡಸರಲ್ಲಿ ಇದು ಹಲವು ಸಲ ದುಃಖದ ರೂಪದಲ್ಲಿ ಕಾಣುವುದೇ ಇಲ್ಲ. ಸಿಡುಕು, ಕುಡಿತ, ಊರಿನ ಕಟ್ಟೆಗೆ ಬರುವುದನ್ನು ಬಿಡುವುದು, ಕತ್ತಲಾದರೂ ಹೊಲದಲ್ಲೇ ಕೂತಿರುವುದು, ಹೀಗೆ ತೋರುತ್ತದೆ. ಸಣ್ಣ ಮಕ್ಕಳಲ್ಲಾದರೆ ಶಾಲೆಯ ಹೊತ್ತಿಗೆ ಸರಿಯಾಗಿ ಬರುವ ಹೊಟ್ಟೆನೋವು.

ಇನ್ನೂ ಕೆಲವು ಲಕ್ಷಣಗಳಿಗೆ ಎರಡು ವಾರ ಕಾಯಲೇಬಾರದು. ಹರೆಯದ ಹುಡುಗ ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎನ್ನುತ್ತಾನೆ, ಸ್ನಾನ ಬಿಟ್ಟಿದ್ದಾನೆ. ಅಥವಾ ರಾತ್ರಿ ಎರಡೇ ತಾಸು ಮಲಗಿದರೂ ದಣಿವಿಲ್ಲದೆ ಕುಣಿಯುತ್ತಾನೆ, ಕೈಗೆ ಸಿಕ್ಕಷ್ಟು ಸಾಲ ಮಾಡಿ ದೊಡ್ಡ ದೊಡ್ಡ ವ್ಯಾಪಾರದ ಮಾತಾಡುತ್ತಾನೆ. ಊರವರು ‘ಗಾಳಿ ಸೋಂಕು’ ಎನ್ನುವುದು ಇಂಥವಕ್ಕೇ. ಬೇಗ ಚಿಕಿತ್ಸೆ ಸಿಕ್ಕಷ್ಟೂ ಬೇಗ ಹತೋಟಿಗೆ ಬರುತ್ತದೆ.

ಗುರುತು ಹಿಡಿಯಲು ಒಂದು ನೋಟುಪುಸ್ತಕ ಸಾಕು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆದೆ: ರಾತ್ರಿ ಎಷ್ಟಕ್ಕೆ ಮಲಗಿದಳು, ಎಷ್ಟಕ್ಕೆ ಎದ್ದಳು, ಎಷ್ಟು ರೊಟ್ಟಿ ತಿಂದಳು, ಮನೆಯಿಂದ ಹೊರಗೆ ಬಂದಳೋ ಇಲ್ಲವೋ. ‘ಜೂನ್ 12: 3 ಗಂಟೆಗೆ ಎಚ್ಚರ, ಅರ್ಧ ರೊಟ್ಟಿ, ಬಾಗಿಲ ಹೊರಗೆ ಬರಲಿಲ್ಲ.’ ಇಷ್ಟೇ. ಹದಿನೈದು ದಿನದ ಇಂಥ ಹದಿನೈದು ಸಾಲುಗಳು ವೈದ್ಯರಿಗೆ ನಮ್ಮ ಅರ್ಧ ಗಂಟೆಯ ಗಾಬರಿಯ ಮಾತಿಗಿಂತ ಹೆಚ್ಚು ಹೇಳಿದವು.

ಎರಡನೆಯ ಹೆಜ್ಜೆ: ಮಾತು ತೆಗೆಯುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಎದುರು ಕೂರಿಸಿಕೊಂಡು ‘ಹೇಳು, ನಿನಗೆ ಏನಾಗಿದೆ’ ಎಂದರೆ ವಿಚಾರಣೆಯಾಗುತ್ತದೆ. ಕೈಗೆ ಕೆಲಸವಿರುವ ಹೊತ್ತು ಆರಿಸಿಕೊಳ್ಳಿ. ಶೇಂಗಾ ಸುಲಿಯುವಾಗ, ಸೊಪ್ಪು ಬಿಡಿಸುವಾಗ, ಎತ್ತಿಗೆ ಮೇವು ಹಾಕುವಾಗ ಮುಖ ನೋಡದೆ ಮಾತಾಡಬಹುದು. ಅಳು ಬಂದರೂ ಮುಚ್ಚಿಕೊಳ್ಳಬಹುದು. ಮನೆಮಂದಿಯೆಲ್ಲ ಸುತ್ತ ನಿಲ್ಲುವುದು ಬೇಡ, ಒಬ್ಬರು ಸಾಕು.

ಕಂಡದ್ದನ್ನು ಹೇಳಿ, ತೀರ್ಪು ಹೇಳಬೇಡಿ. ‘ಕಾಕಾ, ಹದಿನೈದು ದಿನದಿಂದ ನೀವು ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ಅಂಗಳದಲ್ಲಿ ಅಡ್ಡಾಡುವುದನ್ನು ನೋಡಿದ್ದೇನೆ. ನನಗೆ ನಿಮ್ಮ ಚಿಂತೆಯಾಗಿದೆ’ ಎಂದು ಶುರು ಮಾಡಿ, ಆಮೇಲೆ ಸುಮ್ಮನಿರಿ. ಆ ಮೌನ ಐದು ನಿಮಿಷವಾದರೂ ಇರಲಿ. ನಮಗೆ ಮೌನ ತಡೆಯಲಾಗುವುದಿಲ್ಲ, ತುಂಬಿಸಿಬಿಡುತ್ತೇವೆ. ‘ನಿನಗೇನು ಕಡಿಮೆಯಾಗಿದೆ? ಮಕ್ಕಳಿದ್ದಾರೆ, ಮನೆಯಿದೆ. ಧೈರ್ಯ ತಂದುಕೋ’ ಎಂದು ನಾನೇ ಅವ್ವನಿಗೆ ಎಷ್ಟು ಸಲ ಹೇಳಿದೆನೋ! ಗುಣವಾದ ಮೇಲೆ ಅವಳು ಹೇಳಿದಳು: ‘ನೀನು ಹಾಗೆ ಅಂದಾಗಲೆಲ್ಲ, ಇಷ್ಟೆಲ್ಲ ಇದ್ದೂ ಹೀಗಾಗಿರುವ ನಾನು ಮನೆಗೆ ಭಾರ ಅನ್ನಿಸುತ್ತಿತ್ತು.’ ಒಳ್ಳೆಯ ಮನಸ್ಸಿನಿಂದ ಆಡಿದ ಮಾತು ಅವಳನ್ನು ಇನ್ನಷ್ಟು ಕೆಳಗೆ ತಳ್ಳಿತ್ತು. ಅದನ್ನು ನಾನು ಮರೆಯುವುದಿಲ್ಲ.

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಬೇಕು. ‘ಇಷ್ಟು ಬೇಸರದಲ್ಲಿ ಬದುಕುವುದೇ ಬೇಡ ಅನ್ನಿಸುತ್ತದೆಯೇ?’ ಎಂದು ಮೆಲ್ಲಗೆ, ಸ್ಪಷ್ಟವಾಗಿ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಸುಳ್ಳು. ಒಳಗೊಳಗೇ ಹೊತ್ತುಕೊಂಡದ್ದನ್ನು ಇಳಿಸಲು ಒಂದು ಜಾಗ ಸಿಕ್ಕಿತೆಂದು ಹೆಚ್ಚಿನವರಿಗೆ ಹಗುರಾಗುತ್ತದೆ. ‘ಹೌದು’ ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಜೊತೆಗಿರಿ, ಅದೇ ದಿನ ವೈದ್ಯರಿಗೆ ತಿಳಿಸಿ.

ಮೂರನೆಯ ಹೆಜ್ಜೆ: ಮನೆಯೊಳಗಿನ ಅಪಾಯಗಳಿಗೆ ಬೀಗ

ಮಾತಿನ ಬೆನ್ನಿಗೇ ಈ ಕೆಲಸ ಆಗಬೇಕು. ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳು ನಮ್ಮ ಮನೆಗಳಲ್ಲಿ ಹಗೇವಿನ ಪಕ್ಕದಲ್ಲೋ ದನದ ಕೊಟ್ಟಿಗೆಯ ಗೂಡಿನಲ್ಲೋ ಕೈಗೆ ಸಿಗುವಂತೆ ಇರುತ್ತವೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಂತೂ ಮನೆಮನೆಯಲ್ಲಿ. ಸಾಯುವ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಎಣ್ಣೆಯನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ಕೀಲಿಯನ್ನು ಬೇರೆ ಮನೆಯವರ ಹತ್ತಿರ ಕೊಡಿ. ಸಾಧ್ಯವಿದ್ದರೆ ಮನೆಯಲ್ಲಿ ಇಡಲೇಬೇಡಿ, ಬೇಕಾದಷ್ಟೇ ಬೇಕಾದ ದಿನ ತನ್ನಿ. ಗುಳಿಗೆಗಳನ್ನೂ ಮನೆಯ ಇನ್ನೊಬ್ಬರು ಇಟ್ಟುಕೊಂಡು ದಿನದ ಲೆಕ್ಕದಲ್ಲಿ ಕೊಡಿ.

ಅಕಸ್ಮಾತ್ ಯಾರಾದರೂ ಆ ವಿಷ ಕುಡಿದೇಬಿಟ್ಟರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾದದ್ದು ಶ್ವಾಸಕ್ಕೆ ಸೇರಿದರೆ ಇನ್ನೂ ಅಪಾಯ. ಬಟ್ಟೆಗೆ ಸಿಡಿದಿದ್ದರೆ ಬಟ್ಟೆ ತೆಗೆದು ಮೈ ತೊಳೆದು, ಡಬ್ಬಿಯನ್ನೂ ಜೊತೆಗೆ ಹಿಡಿದು ನೇರ ಆಸ್ಪತ್ರೆಗೆ ಓಡಿ. ಮೇಲ್ನೋಟಕ್ಕೆ ಚೆನ್ನಾಗಿದ್ದಾರೆ ಎನಿಸಿದರೂ ಹೋಗಲೇಬೇಕು. ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಮುಚ್ಚಿಟ್ಟು ಜೀವ ಕಳೆದುಕೊಂಡ ಮನೆಗಳಿವೆ. ಆಸ್ಪತ್ರೆಯಲ್ಲಿ ದಾಖಲೆ ಬರೆದುಕೊಳ್ಳುತ್ತಾರೆ ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ.

ನಾಲ್ಕನೆಯ ಹೆಜ್ಜೆ: ಎಲ್ಲಿಗೆ ಹೋಗಬೇಕು

ಧಾರವಾಡದ ಡಿಮ್ಹಾನ್ಸ್ ನಮ್ಮ ಭಾಗದ ದೊಡ್ಡ ಸಂಸ್ಥೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದರಿಂದ ಇಂದಿಗೂ ಹಳ್ಳಿಗಳಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಬೈಗುಳವಾಗಿ ಉಳಿದಿದೆ. ಈಗ ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೊರರೋಗಿ ವಿಭಾಗದಲ್ಲಿ ನೋಡಿಸಿಕೊಂಡು ಸಂಜೆಗೆ ಮನೆಗೆ ಮರಳುವವರೇ ಹೆಚ್ಚು. ಹುಬ್ಬಳ್ಳಿಯಿಂದಾದರೆ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಅಲ್ಲಿಂದ ಆಟೊ ಹಿಡಿಯಿರಿ.

ಅಷ್ಟು ದೂರ ಬೇಡವೆಂದರೆ ಹುಬ್ಬಳ್ಳಿ (ಜನ ಕಿಮ್ಸ್ ಎನ್ನುತ್ತಾರೆ), ಗದಗ (ಜಿಮ್ಸ್ ಎನ್ನುತ್ತಾರೆ), ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಿವೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ರಾಜ್ಯ ಸರ್ಕಾರದ ಕಾರ್ಯಕ್ರಮವಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ. ಮನೋವೈದ್ಯರು ಗುಳಿಗೆ ಬರೆಯುತ್ತಾರೆ, ಆಪ್ತ ಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ. ಕೆಲವರಿಗೆ ಒಂದು ಸಾಕು, ಕೆಲವರಿಗೆ ಎರಡೂ ಬೇಕು.

ಮನೆಯ ಹಿರಿಯರು ಮೊದಲು ಗುಡಿಗೆ, ಮಠಕ್ಕೆ, ದರ್ಗಾಕ್ಕೆ ಹೋಗೋಣ ಎನ್ನಬಹುದು. ಅವರೊಡನೆ ಜಗಳ ತೆಗೆಯಬೇಡಿ. ಹರಕೆಯಿಂದ ಮನಸ್ಸಿಗೆ ಬಲ ಬರುವುದಾದರೆ ಬರಲಿ. ಗುಡಿಗೂ ಹೋಗೋಣ, ಗುಳಿಗೆಯನ್ನೂ ತೆಗೆದುಕೊಳ್ಳೋಣ ಎಂದು ಒಪ್ಪಿಸಿ. ಎರಡು ವಿಷಯಗಳಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ: ಗುಳಿಗೆ ನಿಲ್ಲಿಸು ಎನ್ನುವವರ ಮಾತು ಕೇಳುವುದಿಲ್ಲ, ಹೊಡೆಯುವ, ಕಟ್ಟಿಹಾಕುವ ಜಾಗದಲ್ಲಿ ಬಿಡುವುದಿಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಬೆಂಕಿಯಿಂದ ಓಡಲಾಗದೆ 28 ಮಂದಿ ಸತ್ತರು. ಸರಪಳಿ ಹಾಕುವುದನ್ನು ಈಗಿನ ಕಾಯ್ದೆ ಸಂಪೂರ್ಣ ನಿಷೇಧಿಸಿದೆ.

ಐದನೆಯ ಹೆಜ್ಜೆ: ಆ ಮೊದಲ ದಿನ

ಬೆಳಗ್ಗೆ ಬೇಗ ಹೊರಡಿ, ಪಾಳಿ ಉದ್ದವಿರುತ್ತದೆ. ಬುತ್ತಿ, ನೀರು, ಆಧಾರ್ ಕಾರ್ಡ್, ಪಡಿತರ ಚೀಟಿ, ಹಳೆಯ ರಿಪೋರ್ಟುಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಖಾಲಿ ಹಾಳೆಗಳು, ಆ ನೋಟುಪುಸ್ತಕ, ಇಷ್ಟು ಜೊತೆಗಿರಲಿ. ಸುಳ್ಳು ಹೇಳಿ ಕರೆದೊಯ್ಯಬೇಡಿ. ‘ಮದುವೆಗೆ ಹೋಗೋಣ’ ಎಂದು ಹೇಳಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರೆ ಎರಡನೆಯ ಸಲ ಅವರು ನಿಮ್ಮ ಜೊತೆ ಎಲ್ಲಿಗೂ ಬರುವುದಿಲ್ಲ. ‘ನಿದ್ದೆ ಬರುತ್ತಿಲ್ಲವಲ್ಲ, ಅದಕ್ಕೆ ಡಾಕ್ಟರನ್ನು ಕೇಳೋಣ’ ಎಂದರೆ ಸುಳ್ಳೂ ಅಲ್ಲ, ಒಪ್ಪುವುದೂ ಸುಲಭ.

ಒಳಗೆ ಹೋದ ಮೇಲೆ ರೋಗಿಯ ಪರವಾಗಿ ನೀವೇ ಎಲ್ಲವನ್ನೂ ಮಾತಾಡಬೇಡಿ. ಅವರೊಬ್ಬರೇ ವೈದ್ಯರ ಜೊತೆ ಹತ್ತು ನಿಮಿಷ ಕೂರಲಿ. ನಿಮ್ಮ ಎದುರು ಹೇಳಲಾಗದ ಮಾತು ಸೊಸೆಗೂ ಇರುತ್ತದೆ, ಅತ್ತೆಗೂ ಇರುತ್ತದೆ. ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ, ಕುಡಿತವಿದೆಯೇ, ಹಿಂದೆ ಜೀವಕ್ಕೆ ಅಪಾಯ ಮಾಡಿಕೊಂಡಿದ್ದರೇ ಎಂಬುದನ್ನು ಮುಚ್ಚಿಡಬೇಡಿ. ಹೊರಡುವ ಮುನ್ನ ಕೇಳಲೇಬೇಕಾದದ್ದು: ಕಾಯಿಲೆಯ ಹೆಸರೇನು, ಯಾವ ಗುಳಿಗೆ ಯಾವ ಹೊತ್ತಿಗೆ, ಏನಾದರೆ ಕೂಡಲೇ ಬರಬೇಕು, ಮುಂದಿನ ತಾರೀಖು ಯಾವುದು.

ಆರನೆಯ ಹೆಜ್ಜೆ: ಗುಳಿಗೆಯ ಜೊತೆ ತಾಳ್ಮೆ

ಖಿನ್ನತೆಯ ಗುಳಿಗೆ ತಲೆನೋವಿನ ಗುಳಿಗೆಯ ಹಾಗೆ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ತೊಂದರೆ ಏನೆಂದರೆ, ವಾಕರಿಕೆ, ಬಾಯಿ ಒಣಗುವುದು, ಮಂಪರು ಇಂಥ ಅಡ್ಡಪರಿಣಾಮಗಳು ಮೊದಲ ವಾರವೇ ಬಂದುಬಿಡುತ್ತವೆ. ಒಳ್ಳೆಯದು ಬರುವ ಮೊದಲೇ ಕೆಟ್ಟದ್ದು ಬರುವುದರಿಂದ ಜನ ಹತ್ತನೆಯ ದಿನಕ್ಕೆ ಬಿಟ್ಟುಬಿಡುತ್ತಾರೆ. ಇದನ್ನು ಮೊದಲೇ ತಿಳಿದಿದ್ದರೆ ಅರ್ಧ ಗೆದ್ದಂತೆ. ಅವ್ವನಿಗೆ ಹತ್ತೊಂಬತ್ತನೆಯ ದಿನ ಬೆಳಗ್ಗೆ ಐದೂವರೆವರೆಗೆ ನಿದ್ದೆ ಬಂತು. ಪುಸ್ತಕದಲ್ಲಿ ಆ ಸಾಲನ್ನು ಬರೆಯುವಾಗ ನನ್ನ ಕೈ ನಡುಗಿತು.

ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ, ಮುಖ್ಯವಾಗಿ 25 ವರ್ಷದೊಳಗಿನವರಲ್ಲಿ, ತಡಮಾಡದೆ ವೈದ್ಯರಿಗೆ ಹೇಳಿ. ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ. ಮೊದಲ ಸಲದ ಖಿನ್ನತೆಯಲ್ಲಿ ಚೆನ್ನಾಗಿ ಆದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರೇ ನಿಧಾನವಾಗಿ ಇಳಿಸುತ್ತಾರೆ. ‘ಚಟವಾಗುತ್ತದೆ’ ಎಂಬ ಮಾತು ಕೆಲವು ನಿದ್ದೆ ಗುಳಿಗೆಗಳ ವಿಷಯದಲ್ಲಿ ನಿಜ. ಅದಕ್ಕೇ ಅವುಗಳನ್ನು ಕೆಲವೇ ದಿನಕ್ಕೆ ಬರೆಯುತ್ತಾರೆ. ಔಷಧದ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ಅವನ್ನು ತಿಂಗಳುಗಟ್ಟಲೆ ತರಬೇಡಿ.

ಏಳನೆಯ ಹೆಜ್ಜೆ: ಮನೆಯ ದಿನಚರಿ

ಪೂರ್ತಿ ವಿಶ್ರಾಂತಿ ಕೊಡುವುದೂ ತಪ್ಪು, ಎಲ್ಲ ಕೆಲಸ ಹೊರಿಸುವುದೂ ತಪ್ಪು. ದಿನಕ್ಕೆ ಒಂದು ಸಣ್ಣ ಕೆಲಸ, ಮುಗಿಸಲು ಸಾಧ್ಯವಿರುವಂಥದ್ದು. ಮೊದಲ ವಾರ ಅವ್ವನಿಗೆ ನಾವು ಕೊಟ್ಟದ್ದು ತುಳಸಿಗೆ ನೀರು ಹಾಕುವುದೊಂದೇ. ಎರಡನೆಯ ವಾರ ಅಂಗಳದವರೆಗೆ ನಡೆಯುವುದು, ಮೂರನೆಯ ವಾರ ಓಣಿಯ ಕೊನೆಯವರೆಗೆ. ಬೆಳಗಿನ ಬಿಸಿಲು ಮೈಗೆ ಬೀಳಲಿ, ಏಳುವ ಹೊತ್ತು ದಿನವೂ ಒಂದೇ ಇರಲಿ, ಮಧ್ಯಾಹ್ನದ ನಿದ್ದೆ ಕಡಿಮೆಯಾಗಲಿ, ಸಂಜೆಯ ನಂತರ ಚಹಾ ಬೇಡ. ರೊಟ್ಟಿ ಬಡಿಯಲು ಅವಳೇ ಕೂತದ್ದು ಎರಡು ತಿಂಗಳ ಮೇಲೆ. ಮೊದಲ ರೊಟ್ಟಿ ಹರಿಯಿತು, ಎರಡನೆಯದೂ ಹರಿಯಿತು. ನಾವು ಏನೂ ಮಾತಾಡದೆ ಹರಿದ ರೊಟ್ಟಿಯನ್ನೇ ಹೆಸರುಕಾಳಿನ ಪಲ್ಯದ ಜೊತೆ ಉಂಡೆವು.

ಸಾಲದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಳೆ ಕೈಕೊಟ್ಟ ವರ್ಷ, ಈರುಳ್ಳಿ ದರ ಬಿದ್ದ ವರ್ಷ ರೈತನ ಮನಸ್ಸು ಸೋಲುವುದಕ್ಕೆ ಕಾರಣ ಕಣ್ಣೆದುರೇ ಇರುತ್ತದೆ. ಗುಳಿಗೆ ಸಾಲ ತೀರಿಸುವುದಿಲ್ಲ. ಆದರೆ ಸೋತ ಮನಸ್ಸಿಗೆ ಎರಡು ಲಕ್ಷದ ಸಾಲ ಇಪ್ಪತ್ತು ಲಕ್ಷದ ಹಾಗೆ ಕಾಣುತ್ತದೆ, ದಾರಿಗಳೆಲ್ಲ ಮುಚ್ಚಿದಂತೆ ತೋರುತ್ತದೆ. ಆದ್ದರಿಂದ ಎರಡೂ ಕೆಲಸ ಒಟ್ಟಿಗೆ ನಡೆಯಲಿ: ಅಣ್ಣತಮ್ಮಂದಿರು ಯಾರಾದರೂ ಸಾಲದ ಕಾಗದಗಳನ್ನೆಲ್ಲ ಹರಡಿಕೊಂಡು ಒಂದೇ ಹಾಳೆಯಲ್ಲಿ ಲೆಕ್ಕ ಬರೆಯಲಿ, ಬ್ಯಾಂಕಿಗೂ ಸೊಸೈಟಿಗೂ ಅವರ ಜೊತೆ ಹೋಗಲಿ. ಹೊಲ ಮಾರುವುದು, ಮಗಳ ಓದು ಬಿಡಿಸುವುದು ಇಂಥ ದೊಡ್ಡ ನಿರ್ಧಾರಗಳನ್ನು ಮನಸ್ಸು ತಿಳಿಯಾಗುವವರೆಗೆ ಮುಂದಕ್ಕೆ ಹಾಕಿ. ಸಾಲ ಕೊಟ್ಟವರ ಕಿರುಕುಳ ಮಿತಿಮೀರಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

ಕೆಲವು ಬೇರೆ ಸಂದರ್ಭಗಳು

ಬಾಣಂತಿ: ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ, ಎರಡು ವಾರದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ತೋರಿಸಿ. ನಿದ್ದೆಯಿಲ್ಲದೆ ಅಸಂಬದ್ಧ ಮಾತಾಡುತ್ತಿದ್ದರೆ, ಕೂಸಿನ ಬಗ್ಗೆ ವಿಚಿತ್ರ ಅನುಮಾನ ಪಡುತ್ತಿದ್ದರೆ ಅದು ನಮ್ಮ ಅಜ್ಜಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದ ಕಾಯಿಲೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಾಯಿ ಮತ್ತು ಕೂಸನ್ನು ಇಬ್ಬರೇ ಬಿಡಬಾರದು. ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತದೆ.

ಕುಡಿತ: ವರ್ಷಗಟ್ಟಲೆ ದಿನವೂ ಕುಡಿದವರನ್ನು ಆಣೆ ಹಾಕಿಸಿ, ಮಾಲೆ ಹಾಕಿಸಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಿ ಜೀವಕ್ಕೇ ಸಂಚಕಾರ ಬರಬಹುದು. ವೈದ್ಯರ ನಿಗಾದಲ್ಲಿ ಬಿಡಿಸಬೇಕು.

ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ನಾಲ್ಕೈದು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರ ಅಪ್ಪ ಅವ್ವಂದಿರಿಗೆ ಒಂದು ವಿನಂತಿ. ಫೋನು ಮಾಡಿದಾಗಲೆಲ್ಲ ‘ರಿಸಲ್ಟ್ ಏನಾಯಿತು?’ ಎಂದೇ ಮೊದಲು ಕೇಳಬೇಡಿ. ‘ಊಟವಾಯಿತೇ, ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳಿ. ದಿನಗಟ್ಟಲೆ ಒಬ್ಬರೇ ಉಣ್ಣುತ್ತಿದ್ದರೆ, ಹಬ್ಬಕ್ಕೂ ಊರಿಗೆ ಬರಲು ಒಲ್ಲೆ ಎನ್ನುತ್ತಿದ್ದರೆ, ಒಂದು ಭಾನುವಾರ ರೊಟ್ಟಿ ಚಟ್ನಿ ಕಟ್ಟಿಕೊಂಡು ನೀವೇ ಹೋಗಿ ಬನ್ನಿ.

ಎಂಟನೆಯ ಹೆಜ್ಜೆ: ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು

ಮನೆಯಲ್ಲಿ ಈ ಭಾರವೆಲ್ಲ ಒಬ್ಬಳೇ ಹೆಣ್ಣುಮಗಳ ಮೇಲೆ ಬೀಳುತ್ತದೆ. ನಮ್ಮಲ್ಲಿ ವೈನಿ, ಅಣ್ಣನ ಹೆಂಡತಿ, ಹೊತ್ತಳು. ಆರು ತಿಂಗಳಾದ ಮೇಲೆ ಅವಳೇ ಕಾರಣವಿಲ್ಲದೆ ಅಳತೊಡಗಿದಾಗ ನಮಗೆ ಬುದ್ಧಿ ಬಂತು. ಆಮೇಲೆ ಪಾಳಿ ಮಾಡಿದೆವು: ರಾತ್ರಿ ನಾನು, ಗುಳಿಗೆ ಅಣ್ಣ, ವಾರಕ್ಕೊಂದು ದಿನ ಅಕ್ಕ ಬಂದು ಉಳಿಯುವುದು, ಆ ದಿನ ವೈನಿಗೆ ಪೂರ್ತಿ ಬಿಡುವು. ನೋಡಿಕೊಳ್ಳುವವರೂ 14416ಕ್ಕೆ ಕರೆ ಮಾಡಬಹುದು, ಅದು ರೋಗಿಗಳಿಗಷ್ಟೇ ಇರುವ ಸಂಖ್ಯೆಯಲ್ಲ. ನೆಂಟರು ಕೇಳಿದರೆ ಏನು ಹೇಳಬೇಕೆಂಬುದನ್ನು ರೋಗಿಯನ್ನೇ ಕೇಳಿ ತೀರ್ಮಾನಿಸಿ. ಅವ್ವ ಹೇಳಿದ್ದು: ‘ನಿದ್ದೆ ಬರುತ್ತಿರಲಿಲ್ಲ, ಧಾರವಾಡದಲ್ಲಿ ತೋರಿಸಿದ್ದೇವೆ ಅನ್ನು.’ ನಾವೂ ಅಷ್ಟೇ ಹೇಳಿದೆವು.

ಖರ್ಚಿನ ಬಗ್ಗೆ: ಆರೋಗ್ಯ ವಿಮೆ ಇದ್ದರೆ ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ದೀರ್ಘಕಾಲದ ಕಾಯಿಲೆಯಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಗುರುತಿನ ಚೀಟಿಗೂ ಅರ್ಜಿ ಹಾಕಬಹುದು. ವೈದ್ಯರು ನಿಮ್ಮ ವಿಷಯವನ್ನು ಹೊರಗಿನವರಿಗೆ ಹೇಳುವಂತಿಲ್ಲ.

ಒಂಬತ್ತನೆಯ ಹೆಜ್ಜೆ: ಮರುಕಳಿಸದಂತೆ

ಕಾಯಿಲೆ ಮತ್ತೆ ಬರಬಹುದು. ಬರುವಾಗ ಹೆಚ್ಚಾಗಿ ಹಳೆಯ ದಾರಿಯಲ್ಲೇ ಬರುತ್ತದೆ. ಚೆನ್ನಾಗಿರುವ ದಿನಗಳಲ್ಲೇ ರೋಗಿಯನ್ನು ಕೂರಿಸಿಕೊಂಡು ‘ಹೋದ ಸಲ ಮೊದಲು ಏನು ಕೆಟ್ಟಿತು?’ ಎಂದು ಕೇಳಿ ಬರೆದಿಡಿ. ಒಬ್ಬರಿಗೆ ನಿದ್ದೆ, ಇನ್ನೊಬ್ಬರಿಗೆ ಸಿಟ್ಟು, ಮತ್ತೊಬ್ಬರಿಗೆ ಪೂಜೆ ಬಿಡುವುದು. ಯಾವ ಗುರುತು ಕಂಡರೆ ಎಷ್ಟು ದಿನದೊಳಗೆ ಹೊರಡಬೇಕು, ಯಾರು ಜೊತೆ ಹೋಗಬೇಕು ಎಂಬುದನ್ನೂ ಅವರ ಒಪ್ಪಿಗೆಯಿಂದಲೇ ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯ ಹಾಲಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಅವ್ವ ಹೇಳಿ ಬರೆಸಿದ ಸಾಲಿದೆ: ‘ನಾಲ್ಕು ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ, ಐದನೆಯ ದಿನ ಬೆಳಗಿನ ಬಸ್ಸಿಗೆ ಧಾರವಾಡ. ನಾನು ಬೇಡ ಅಂದರೂ ಕರೆದುಕೊಂಡು ಹೋಗುವುದು.’ ಕೆಳಗೆ ಅವಳ ಹೆಬ್ಬೆಟ್ಟಿದೆ.